ನಾಲ್ಕು ಕೋಣೆ ಕಂಡ ಮೇಲೂ ನಾನು ನೋಡುವುದು

ಗದಗದಲ್ಲಿ ನನ್ನ ಸ್ಕ್ಯಾನಿಂಗ್ ಸೆಂಟರ್ ಇದೆ. ರೋಣ, ಮುಂಡರಗಿ, ಶಿರಹಟ್ಟಿ ಕಡೆಯಿಂದ ಐದನೇ ತಿಂಗಳ ಸ್ಕ್ಯಾನಿಗೆ ಗರ್ಭಿಣಿಯರು ಬರುತ್ತಾರೆ. 18ರಿಂದ 22 ವಾರದೊಳಗೆ ಬಂದರೆ ಒಳ್ಳೆಯದು. ಆಗ ಮಗುವಿನ ಹೃದಯ ಒಂದು ಅಡಿಕೆಯಷ್ಟಿರುತ್ತದೆ, ಅಷ್ಟೇ.

ಎಷ್ಟೋ ಕಡೆ ಹೃದಯದ ನಾಲ್ಕು ಕೋಣೆ ಕಂಡರೆ ಸಾಕು, ನಾರ್ಮಲ್ ಅಂತ ಬರೆದುಬಿಡುತ್ತಾರೆ. ನನಗೆ ಅದು ಸಾಲದು. ದೊಡ್ಡ ರಕ್ತನಾಳಗಳು ಅದಲುಬದಲಾಗುವ ಟ್ರಾನ್ಸ್‌ಪೊಸಿಷನ್ ಎಂಬ ಅಪರೂಪದ ತೊಂದರೆಯಲ್ಲಿ ನಾಲ್ಕೂ ಕೋಣೆ ಸರಿಯಾಗಿಯೇ ಕಾಣುತ್ತವೆ. ಅದಕ್ಕೇ ತಾಯಿಯ ಹೊಟ್ಟೆಯ ಮೇಲೆ ಆಡಿಸುವ ಪ್ರೋಬನ್ನು ಮಗುವಿನ ತಲೆಯ ಕಡೆ ಮೆಲ್ಲಗೆ ವಾಲಿಸುತ್ತೇನೆ. ಎಡಗಡೆಯ ಕೆಳಕೋಣೆಯಿಂದ ಮೈಗೆಲ್ಲ ರಕ್ತ ಒಯ್ಯುವ ಅಯೋರ್ಟಾ, ಬಲಗಡೆಯದರಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪಲ್ಮನರಿ ಆರ್ಟರಿ ಹೊರಟು, ಒಂದರ ಮೇಲೊಂದು ಅಡ್ಡ ಹಾಯಬೇಕು.

ಒಬ್ಬ ಹೆಣ್ಣುಮಗಳ ಸ್ಕ್ಯಾನಿನಲ್ಲಿ ಅವು ಅಡ್ಡ ಹಾಯ್ದಂತೆ ಕಾಣಲಿಲ್ಲ. ಮಗುವಿನ ಬೆನ್ನು ಮೇಲಿತ್ತು, ಎಲುಬಿನ ನೆರಳು ಬೇರೆ. "ಒಂದೀಟು ಅಡ್ಡಾಡಿ ಬಾರವ್ವಾ" ಅಂದೆ. ತಿರುಗಿ ಬರುವಷ್ಟರಲ್ಲಿ ಮಗು ಹೊರಳಿತ್ತು. ಎರಡೂ ನಾಳ ಅಕ್ಕಪಕ್ಕ ನೇರ ಮೇಲೆ ಹೋಗುತ್ತಿದ್ದವು. ಎಡಗಡೆಯಿಂದ ಹೊರಟಿದ್ದು ಬೇಗನೆ ಎರಡು ಕವಲಾಯಿತು. ಹಾಗೆ ಕವಲೊಡೆಯುವುದು ಪಲ್ಮನರಿ, ಅಂದರೆ ನಾಳಗಳು ಅದಲುಬದಲಾಗಿದ್ದವು. ಖಾತ್ರಿಗೆ ಮಗುವಿನ ಹೃದಯವನ್ನಷ್ಟೇ ನೋಡುವ ಫೀಟಲ್ ಎಕೋ ಸ್ಕ್ಯಾನ್ ಮಾಡಿಸಿದೆವು, ಅಲ್ಲೂ ಅದೇ ಬಂತು.

"ಗ್ರಹಣದಾಗ ಹೊರಗ ಬಂದಿದ್ಲರಿ ಡಾಕ್ಟ್ರ, ಅದಕ್ಕ ಹಿಂಗಾತೇನ್ರಿ?" ಅಂದರು ಅತ್ತೆ. ಸೊಸೆ ತಲೆ ಎತ್ತಲಿಲ್ಲ. "ಇಲ್ರಿ ಅವ್ವಾರ, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಆಕೀದು ಏನೂ ತಪ್ಪಿಲ್ಲ" ಅಂದೆ. ಇದನ್ನು ನಾನು ಮನೆಯವರೆಲ್ಲರ ಎದುರಿಗೇ ಹೇಳುತ್ತೇನೆ. ಇಲ್ಲದಿದ್ದರೆ ಮಾತೆಲ್ಲ ಆ ಹುಡುಗಿಯ ಮೇಲೇ ಬರುತ್ತದೆ, ಅಲ್ವಾ?

ಹೊಟ್ಟೆಯಲ್ಲಿರುವಾಗ ಇಂಥ ಮಗು ಚೆನ್ನಾಗಿಯೇ ಬೆಳೆಯುತ್ತದೆ, ಆಕ್ಸಿಜನ್ ತಾಯಿಯಿಂದ ಸಿಗುತ್ತದಲ್ಲ. ಹುಟ್ಟಿದ ಮೇಲೆ ಈ ಎರಡು ದೊಡ್ಡ ನಾಳಗಳನ್ನು ಕೂಡಿಸುವ ಡಕ್ಟಸ್ ಎಂಬ ನಾಳ ಮುಚ್ಚುತ್ತಾ ಬಂದಂತೆ ಮೈ ನೀಲಿಗಟ್ಟುತ್ತದೆ. ಪ್ರೋಸ್ಟಾಗ್ಲಾಂಡಿನ್ ಎಂಬ ಔಷಧಿಯ ಡ್ರಿಪ್ ಹಾಕಿ ಅದನ್ನು ತೆರೆದಿಡಬೇಕು. ಕೆಲವು ಮಕ್ಕಳಿಗೆ ಮೇಲಿನ ಕೋಣೆಗಳ ನಡುವಿನ ಕಿಂಡಿಯನ್ನು ಬಲೂನಿನಿಂದ ಹಿಗ್ಗಿಸಬೇಕಾಗುತ್ತದೆ. ಆಮೇಲೆ ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲೇ ನಾಳಗಳನ್ನು ಸರಿಯಾದ ಜಾಗಕ್ಕೆ ಜೋಡಿಸುವ ಆಪರೇಶನ್. ನೀಲಿಗಟ್ಟಿದ ಕೂಸನ್ನು ರಾತ್ರೋರಾತ್ರಿ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಒಯ್ಯುವುದಕ್ಕಿಂತ ತಾಯಿಯ ಹೊಟ್ಟೆಯಲ್ಲೇ ಕರೆದುಕೊಂಡು ಹೋಗುವುದು ಎಷ್ಟೋ ಪಾಲು ಸುರಕ್ಷಿತ. ಈ ಮನೆಯವರು ಎಂಟನೇ ತಿಂಗಳಲ್ಲೇ ಹೋಗಿ ಬೆಂಗಳೂರಿನ ನೆಂಟರ ಮನೆಯಲ್ಲಿ ಉಳಿದರು. ಹೆರಿಗೆಯೂ ಆಪರೇಶನ್ನೂ ಅಲ್ಲೇ ಆದವು.

ನನ್ನ ರಿಪೋರ್ಟಿನಲ್ಲಿ ನಾಲ್ಕು ಕೋಣೆಯ ಚಿತ್ರದ ಜೊತೆ ನಾಳಗಳು ಅಡ್ಡ ಹಾಯುವ ಚಿತ್ರವೂ ಇರುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಅದು ಇಲ್ಲದಿದ್ದರೆ, "ನಾಳ ನೋಡೀರೇನ್ರಿ?" ಅಂತ ಡಾಕ್ಟರನ್ನು ಕೇಳಿ.