ಜೀಪಿಗೆ ಸಿಬಿ ಆಂಟೆನಾ: ಆಯ್ಕೆ, ಟ್ಯೂನಿಂಗ್

ಸಿಬಿ ಎಂದರೆ ಸಿಟಿಜನ್ಸ್ ಬ್ಯಾಂಡ್, ಜನಸಾಮಾನ್ಯರು ಪರಸ್ಪರ ಮಾತಾಡಲು ಬಳಸುವ 27 ಮೆಗಾಹರ್ಟ್ಸ್ ಸುಮಾರಿನ ರೇಡಿಯೊ. ಅದಕ್ಕೆ ಕಾಲು ತರಂಗದ (ತರಂಗದ ಉದ್ದದ ನಾಲ್ಕನೇ ಒಂದು ಭಾಗ) ಪೂರ್ಣ ಕಡ್ಡಿ ಎಂದರೆ ಸುಮಾರು 2.7 ಮೀಟರ್. ಆಗುಂಬೆ ಘಾಟಿಯಲ್ಲಿ ಅದು ಕೊಂಬೆಗೆ ಬಡಿಯದೆ ಇರದು. ಬುಡದಲ್ಲಿ ಕಾಯಿಲ್ ಇರುವ ಒಂದೂವರೆ ಮೀಟರಿನದು ಸಾಕು. ತೀರಾ ಗಿಡ್ಡದ್ದು ನೋಡಲು ಚೆಂದ, ಕೆಲಸಕ್ಕೆ ಅಷ್ಟಕ್ಕಷ್ಟೆ. ತಗಡಿನ ಟಾಪಿದ್ದರೆ ಅದರ ನಡುವೆ ಕೂರಿಸಿ. ಕ್ಯಾನ್ವಾಸ್ ಟಾಪಾದರೆ, ಪೇಂಟ್ ಕೆರೆದು ಬಾಡಿಯ ತಗಡಿಗೇ ಬ್ರಾಕೆಟ್ ಬಿಗಿಯಿರಿ.

ಟ್ಯೂನಿಂಗ್‌ಗೆ ಬಯಲಿಗೆ ಬನ್ನಿ. ಅಡಿಕೆ ಮರ, ಗೋಡೆ ಪಕ್ಕದಲ್ಲಿದ್ದರೆ ರೀಡಿಂಗ್ ನಂಬುವಂತಿಲ್ಲ. ಬಾಗಿಲು ಮುಚ್ಚಿ, ರೇಡಿಯೊಗೂ ಆಂಟೆನಾಕ್ಕೂ ನಡುವೆ ಎಸ್‌ಡಬ್ಲ್ಯುಆರ್ ಮೀಟರ್ ಸೇರಿಸಿ; ಆಂಟೆನಾಕ್ಕೆ ಹೋದ ಪವರ್ ಎಷ್ಟು ಹಿಂದಿರುಗುತ್ತಿದೆ ಎಂಬುದರ ಅಳತೆ ಅದು, ಕಡಿಮೆಯಿದ್ದಷ್ಟೂ ಒಳ್ಳೆಯದು. ನಲವತ್ತು ಚಾನೆಲ್ ಸೆಟ್ಟಾದರೂ 1 ಮತ್ತು 27ರಲ್ಲಿ ಮಾತ್ರ ಅಳೆಯಿರಿ; ನಮ್ಮಲ್ಲಿ ಲೈಸೆನ್ಸ್ ಬೇಡದ ತರಂಗಪಟ್ಟಿ 27.283 ಮೆಗಾಹರ್ಟ್ಸ್‌ಗೇ, ಅಂದರೆ 27ನೇ ಚಾನೆಲ್‌ಗೇ, ಮುಗಿಯುತ್ತದೆ, ಪವರ್ ಮಿತಿ 5 ವ್ಯಾಟ್.

ಚಾನೆಲ್ 27ರಲ್ಲಿ ಮೀಟರ್ ಹೆಚ್ಚು ತೋರಿಸಿದರೆ ಕಡ್ಡಿ ಉದ್ದವಾಗಿದೆ: ಮೂರು ಮಿಲಿಮೀಟರ್‌ನಷ್ಟು ಇಳಿಸಿ ಮತ್ತೆ ನೋಡಿ. 1ರಲ್ಲಿ ಹೆಚ್ಚಿದ್ದರೆ ಏರಿಸಿ. 1.5ರೊಳಗೆ ಬಂದ ಮೇಲೆ ಮುಟ್ಟಬೇಡಿ. ಎರಡರಲ್ಲೂ 3 ದಾಟಿದರೆ ಕಡ್ಡಿ ಕತ್ತರಿಸಲು ಹೋಗಬೇಡಿ, ಮೊದಲು ಅರ್ತ್ ನೋಡಿ, ಅಂದರೆ ಬ್ರಾಕೆಟ್ ಬಾಡಿಯ ತಗಡಿಗೆ ಸರಿಯಾಗಿ ತಾಗಿದೆಯೇ ಎಂದು. ಹಾಗೇ ಮಾತಾಡುವ ಬಟನ್ ಒತ್ತಿ ಹಿಡಿದರೆ ರೇಡಿಯೊದ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟೀತು. ಮಳೆಗಾಲದಲ್ಲಿ ದಿಢೀರ್ ಏರಿದರೆ ಅನುಮಾನ ಕನೆಕ್ಟರ್ ಮೇಲೆ. ಒಣಗಿಸಿ, ರಬ್ಬರ್ ಟೇಪನ್ನು ಎಳೆದೆಳೆದು ಕೆಳಗಿನಿಂದ ಮೇಲಕ್ಕೆ ಸುತ್ತಿ.