ಜಿಗ್‌ನ ಬಾಲಂಗೋಚಿ

ನನ್ನ ಬಳಿ ಒಂದು ಕಾಲಕ್ಕೆ ನಲವತ್ತಕ್ಕೂ ಹೆಚ್ಚು ಬಗೆಯ ಸಾಫ್ಟ್ ಪ್ಲಾಸ್ಟಿಕ್ ಟ್ರೇಲರ್‌ಗಳಿದ್ದವು. ಈಗ ಮೂರು ಬಗೆ ಉಳಿದಿವೆ. ಮೀನು ಹಿಡಿಯುವ ‘ಜಿಗ್’ ಎಂಬ ತೂಕದ ಗಾಳದ ಹಿಂದೆ ಸಿಕ್ಕಿಸುವ ಆ ಮೆತ್ತನೆಯ ತುಂಡನ್ನು ನಾನು ಬಹಳ ವರ್ಷ ಬರಿಯ ಅಲಂಕಾರವೆಂದೇ ಎಣಿಸಿ, ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಕೊಂಡು ತಂದಿದ್ದೆ. ಅದು ಜಿಗ್ ನೀರಿನಲ್ಲಿ ಇಳಿಯುವ ವೇಗಕ್ಕೆ ಹಾಕುವ ಬ್ರೇಕು ಎಂದು ನನಗೆ ತಿಳಿದದ್ದು ತಡವಾಗಿ, ಅದೂ ಮಂಡ್ಯದ ಹತ್ತಿರ ಸೋದರಮಾವನ ಕಬ್ಬಿನ ಗದ್ದೆಯ ಪಂಪ್‌ಸೆಟ್ ತೊಟ್ಟಿಯಲ್ಲಿ.

ಜಿಗ್ ಹಿಡಿಯಲು ಕಲಿತದ್ದು ಮಾತ್ರ ಟೆಕ್ಸಾಸಿನಲ್ಲಿ. ಕೆಲಸದ ಮೇಲೆ ಡಲ್ಲಾಸ್‌ನಲ್ಲಿದ್ದ ವರ್ಷಗಳಲ್ಲಿ, ಅಲ್ಲಿಂದ ಪೂರ್ವಕ್ಕಿರುವ ಲೇಕ್ ಫೋರ್ಕ್ ಜಲಾಶಯಕ್ಕೆ ಸಹೋದ್ಯೋಗಿಗಳೊಡನೆ ಹೋಗುತ್ತಿದ್ದೆ. ಆ ರಾಜ್ಯದ ದಾಖಲೆಯ ಲಾರ್ಜ್‌ಮೌತ್ ಬಾಸ್ ಮೀನು, 18.18 ಪೌಂಡಿನದು, 1992ರಲ್ಲಿ ಸಿಕ್ಕಿದ್ದು ಅದೇ ನೀರಿನಲ್ಲಿ. ಜಿಗ್ ಎಂದರೆ ಸೀಸದ ತಲೆ, ಅದರೊಳಗೇ ಎರಕಗೊಂಡ ಗಾಳ, ಸುತ್ತ ಸಿಲಿಕೋನ್ ಎಳೆಗಳ ಕುಚ್ಚು, ಮೊನೆ ಕಡ್ಡಿಗೆ ಸಿಕ್ಕದಂತೆ ಕಾಯುವ ಒರಟು ನಾರಿನ ಕಟ್ಟು. ಇದರ ಹಿಂದೆ ಟ್ರೇಲರ್ ಸೇರಿಸಿದರೆ ಒಟ್ಟು ರೂಪ ಕ್ರಾಫಿಶ್‌ನಂತಾಗುತ್ತದೆ. ನಮ್ಮ ಸೀಗಡಿಗೆ ಏಡಿಯ ಕೊಂಡಿಗಳನ್ನು ಅಂಟಿಸಿದಂತಿರುವ ಆ ಪ್ರಾಣಿ ಬಾಸ್ ಮೀನಿಗೆ ಬಲು ಇಷ್ಟ. ಅಲ್ಲಿಯ ಸೂತ್ರ ಸರಳವಾಗಿತ್ತು. ಚಳಿಗಾಲದಲ್ಲಿ ನೀರು 10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿದಾಗ ಮೀನಿನ ಮೈ ಜಡವಾಗಿ ಅದು ಓಡಿ ಬೇಟೆಯಾಡುವುದಿಲ್ಲವಾದ್ದರಿಂದ, ಹೆಚ್ಚು ಅಲುಗಾಡದ ಮೊಂಡು ‘ಚಂಕ್’ ಬಗೆಯ ಟ್ರೇಲರ್. ಬೇಸಿಗೆಯಲ್ಲಿ, ಪಟಪಟನೆ ಬಡಿಯುವ ಅಗಲ ಕೊಂಡಿಗಳ ‘ಕ್ರಾ’. ಜಿಗ್ಗನ್ನು ತಳ ಮುಟ್ಟಿಸದೆ ಈಜಿಸುತ್ತ ಎಳೆಯುವುದಾದರೆ ದೋಣಿಯ ಹುಟ್ಟಿನಂಥ ಬಾಲ ಬೀಸುವ ಪ್ಲಾಸ್ಟಿಕ್ ಮೀನು.

ಮೈಸೂರಿಗೆ ಮರಳಿದ ಮೇಲೆ ಅದೇ ಪೆಟ್ಟಿಗೆಯೊಂದಿಗೆ ಕೆರೆಗಳತ್ತ ಹೊರಟೆ. ಇಲ್ಲಿ ಬಾಸ್ ಇಲ್ಲ. ಹೊಂಚು ಹಾಕಿ ಎರಗುವ ಗುಣದಲ್ಲಿ ಅದಕ್ಕೆ ಸರಿಸಮನಾದದ್ದು ಕೊರವ ಮೀನು. ನಮ್ಮ ನೀರು ಡಿಸೆಂಬರಿನಲ್ಲಿಯೂ ಬೆಚ್ಚಗೇ ಇರುವುದರಿಂದ ಟೆಕ್ಸಾಸಿನ ಬೇಸಿಗೆಯ ಸೂತ್ರ ವರ್ಷವಿಡೀ ನಡೆಯಬೇಕೆಂದು ಲೆಕ್ಕ ಹಾಕಿ, ಅಗಲ ಕೊಂಡಿಗಳ ಟ್ರೇಲರ್ ಕಟ್ಟಿಕೊಂಡು ಒಂದು ಮಳೆಗಾಲವನ್ನೇ ಕಳೆದೆ. ಸಿಕ್ಕಿದ್ದೆಲ್ಲ ಅಂತರಗಂಗೆ ಮತ್ತು ಪಾಚಿ. ಜೊಂಡಿನ ನಡುವಿನ ಕಿಂಡಿಯೊಳಗೆ ಜಿಗ್ ಇಳಿಯುವ ಮೊದಲೇ ಎರಡು ಕೊಂಡಿಗಳೂ ಎಲೆಗಳ ಮೇಲೆ ಕೈಚಾಚಿ ಕುಳಿತುಬಿಡುತ್ತಿದ್ದವು.

ಮಾವ ದಡದ ಮೇಲೆ ಕುಳಿತು ಬಿದಿರಿನ ಕೋಲಿನಲ್ಲಿ ಎರೆಹುಳು ಹಾಕಿ ಮೀನು ಎಳೆಯುತ್ತಿದ್ದವರು. ನನ್ನ ಜಿಗ್ಗನ್ನು ಅಂಗೈ ಮೇಲಿಟ್ಟು ನೋಡಿ, “ಇದ್ಯಾಕಪ್ಪ, ಗಾಳಿಪಟಕ್ಕೆ ಬಾಲಂಗೋಚಿ ಕಟ್ದಂಗೆ ಕಟ್ಟಿದ್ದೀಯ?” ಎಂದರು. ತಮಾಷೆಗೆ ಆಡಿದ ಮಾತು ನನ್ನನ್ನು ಸರಿಯಾಗಿ ನಾಟಿತು. ಬಾಲಂಗೋಚಿ ಉದ್ದವಾದರೆ ಪಟ ಏರುವುದಿಲ್ಲ, ಗಿಡ್ಡವಾದರೆ ಗೋತಾ ಹೊಡೆಯುತ್ತದೆ ಎಂಬುದು ಆಷಾಢದ ಗಾಳಿಯಲ್ಲಿ ಪಟ ಹಾರಿಸಿದ ಪ್ರತಿ ಹುಡುಗನಿಗೂ ಗೊತ್ತು. ಅದನ್ನೇ ನೀರಿನಲ್ಲಿ ಪರೀಕ್ಷಿಸಬೇಕೆನಿಸಿತು.

ಮರುದಿನ ಬೆಳಗ್ಗೆ ತೊಟ್ಟಿಯ ನೀರು ತಿಳಿಯಾಗಲು ಬಿಟ್ಟು, ಒಂದೇ ಜಿಗ್ಗನ್ನು, ಎಂಟನೇ ಮೂರು ಔನ್ಸಿನದನ್ನು, ಅಂದರೆ ಹತ್ತೂವರೆ ಗ್ರಾಮಿನಷ್ಟು ತೂಕದ್ದನ್ನು, ಬೇರೆ ಬೇರೆ ಟ್ರೇಲರ್ ಸಿಕ್ಕಿಸಿ ಮತ್ತೆ ಮತ್ತೆ ಬಿಟ್ಟೆ. ಆಳ ಒಂದಾಳಿನಷ್ಟು. ಬರಿಯ ಜಿಗ್ ‘ಒಂದು, ಎರಡು’ ಎನ್ನುವುದರೊಳಗೆ ಕಲ್ಲಿನಂತೆ ತಳ ಸೇರಿತು. ಅಗಲ ಕೊಂಡಿಗಳದು ನಾಲ್ಕು ಎಣಿಸುವವರೆಗೂ ತೇಲಾಡುತ್ತ ಇಳಿಯಿತು. ಚಪ್ಪಟೆ ಮೈಯ, ಹಿಂದೆ ಎರಡು ಎಲೆಗಳು ತೆಳು ಪೊರೆಯಿಂದ ಕೂಡಿಕೊಂಡೇ ಇರುವ ‘ಬೀವರ್’ ಬಗೆಯದು ಮೂರಕ್ಕೆ ತಳ ಮುಟ್ಟಿತು. ಆದರೆ ನೇರವಾಗಿ ಬೀಳದೆ, ಒಣಗಿದ ತೆಂಗಿನ ಗರಿ ಉದುರುವಾಗ ಒಂದು ಪಕ್ಕಕ್ಕೆ ಜಾರುತ್ತದಲ್ಲ, ಹಾಗೆ ಓರೆಯಾಗಿ ಜಾರಿತು. ಇನ್ನೂ ಒಂದನ್ನು ಗಮನಿಸಿದೆ. ಉಪ್ಪು ಬೆರೆಸಿದ ಪ್ಲಾಸ್ಟಿಕ್ಕಿನ ಟ್ರೇಲರ್ ತಳ ಮುಟ್ಟಿದೊಡನೆ ಒರಗಿ ಮಲಗಿದರೆ, ತೇಲುವ ಗುಣದ್ದು ಕೊಂಡಿಗಳನ್ನು ಮೇಲೆತ್ತಿ ಕೆಣಕಿದ ಏಡಿಯಂತೆ ನಿಂತುಕೊಂಡಿತು. ತೂಕ ಒಂದೇ, ತಲೆ ಒಂದೇ; ಬದಲಾದದ್ದು ಬಾಲ ಮಾತ್ರ.

ಅಂದಿನಿಂದ ನಾನು ಟ್ರೇಲರ್ ಆರಿಸುವಾಗ ಮೊದಲು ಕೇಳಿಕೊಳ್ಳುವುದು, ಈ ನೀರಿನಲ್ಲಿ ಜಿಗ್ ಎಷ್ಟು ನಿಧಾನವಾಗಿ ಇಳಿಯಬೇಕು ಎಂದು. ಕೊರವ ನನ್ನ ಜಿಗ್ಗನ್ನು ಹಿಡಿದಿರುವುದು ಬಹುಪಾಲು ಅದು ಇಳಿಯುತ್ತಿರುವಾಗಲೇ, ಹಾಗಾಗಿ ಆ ಎರಡು ಮೂರು ಕ್ಷಣಗಳನ್ನು ಎಳೆದಷ್ಟೂ ಲಾಭ. ಆದರೆ ಜೊಂಡು ದಟ್ಟವಾಗಿದ್ದರೆ ನಿಧಾನದ ಆಸೆಗೆ ಅಗಲವಾದದ್ದನ್ನು ಹಾಕಿದರೆ ಜಿಗ್ ಇಳಿಯುವುದೇ ಇಲ್ಲ. ಹಾಗಾಗಿ ನಮ್ಮ ಕೆರೆಗಳಿಗೆ ನನಗೆ ಒಗ್ಗಿದ್ದು ಬೀವರ್. ಅದರ ಎರಡು ಎಲೆಗಳ ನಡುವಿನ ಪೊರೆಯನ್ನು ಸೀಳಿ ಬೇರ್ಪಡಿಸಬೇಕೆಂಬುದು ಅಲ್ಲಿಯವರ ರೂಢಿ. ನಾನು ಸೀಳದೆ ಬಿಡುತ್ತೇನೆ, ಇಲ್ಲವೇ ತುದಿಯಲ್ಲಿ ಅರ್ಧ ಮಾತ್ರ ಸೀಳುತ್ತೇನೆ. ಕೂಡಿಕೊಂಡ ಬಾಲ ಕಿಂಡಿಯಲ್ಲಿ ಬೆಣೆಯಂತೆ ತೂರುತ್ತದೆ. ಜೊಂಡಿಲ್ಲದ ಕಲ್ಲಿನ ದಡಗಳಲ್ಲಿ ಮಾತ್ರ ಅಗಲ ಕೊಂಡಿಗಳನ್ನು ಹೊರತೆಗೆಯುತ್ತೇನೆ.

ಸಿಕ್ಕಿಸುವ ಕೆಲಸದಲ್ಲಿ ಅವಸರ ಕೂಡದು. ಟ್ರೇಲರನ್ನು ಗಾಳದ ಪಕ್ಕದಲ್ಲಿಟ್ಟು ಮೊನೆ ಎಲ್ಲಿ ಹೊರಬರಬೇಕೋ ಅಲ್ಲಿ ಉಗುರಿನಿಂದ ಗುರುತು ಮಾಡಿ, ಮೂಗಿನ ನಡುಮಧ್ಯದಲ್ಲಿ ಚುಚ್ಚಿ, ಮೈಯನ್ನು ಗಾಳದ ಬಾಗಿನ ಮೇಲೆ ತಳ್ಳುತ್ತ ಹೋಗಿ ಗುರುತಿನಲ್ಲಿ ಮೊನೆ ತೆಗೆಯಬೇಕು. ಕೂದಲೆಳೆಯಷ್ಟು ಓರೆಯಾದರೂ ಎಳೆಯುವಾಗ ಜಿಗ್ ಬುಗುರಿಯಂತೆ ಸುತ್ತಿ ದಾರಕ್ಕೆ ಮುರಿ ಬೀಳುತ್ತದೆ. ನಾಲ್ಕು ಅಂಗುಲದ ಟ್ರೇಲರನ್ನು ಇದ್ದ ಹಾಗೇ ಹಾಕಿದಾಗ ಕೊರವ ಬಾಲವನ್ನಷ್ಟೇ ಕಚ್ಚಿ ಕತ್ತರಿಸಿಕೊಂಡು ಹೋದದ್ದು ಲೆಕ್ಕವಿಲ್ಲದಷ್ಟು ಸಲ. ಅದರ ಹಲ್ಲುಗಳ ಮುಂದೆ ಬಾಸ್ ಮೀನಿನ ಅರದಂಥ ಬಾಯಿ ಸಾಧುವೇ ಸರಿ. ಈಗ ಮೂಗಿನ ಕಡೆಯಿಂದ ಮುಕ್ಕಾಲು ಅಂಗುಲ ಕತ್ತರಿಸಿ ಗಿಡ್ಡ ಮಾಡುತ್ತೇನೆ. ಕುಚ್ಚಿನಿಂದ ಹೊರಗೆ ಬಾಲ ಮಾತ್ರ ಕಾಣಬೇಕು. ಅದು ಜಾರದಂತೆ ಗಾಳದ ಕಾಂಡಕ್ಕೆ ಸೂಪರ್ ಗ್ಲೂ ಒಂದು ಹನಿ ಸಾಕು.

ಬಣ್ಣಕ್ಕೆ ನಾನು ಕೊಡುವ ಸ್ಥಾನ ಕೊನೆಯದು, ಅಂಗಡಿಯವರು ಏನೇ ಹೇಳಲಿ. ನಾಲೆಗೆ ನೀರು ಬಿಟ್ಟು ಕೆರೆ ಕೆಮ್ಮಣ್ಣಾದಾಗ ಕಪ್ಪು-ನೀಲಿ, ತಿಳಿಯಾದಾಗ ಹಸಿರು ಬೆರೆತ ಕಂದು. ಇಷ್ಟರಲ್ಲೇ ನನ್ನ ಕೆಲಸ ನಡೆದಿದೆ.

ಪ್ಲಾಸ್ಟಿಕ್ಕಿನ ಜಾತಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸಾಮಾನ್ಯ ಟ್ರೇಲರ್‌ಗಳು ಎಣ್ಣೆಯಂಥ ಮೆದುಕಾರಕ ಸೇರಿಸಿದ ಪಿವಿಸಿ. ರಬ್ಬರಿನಂತೆ ಹಿಗ್ಗುವ, ತೇಲುವ ಬಗೆಯವು ಬೇರೆಯೇ ವಸ್ತು. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟಿದ್ದೆ. ಸಂಜೆ ಮುಚ್ಚಳ ತೆಗೆದರೆ ಹಲಸಿನ ಮೇಣದಂಥ ಒಂದು ಮುದ್ದೆ, ಅದರೊಳಗೆ ನನ್ನ ಆರು ತಿಂಗಳ ಖರೀದಿ. ತಪ್ಪು ಪೂರ್ತಿಯಾಗಿ ನನ್ನದೇ, ಏಕೆಂದರೆ ಬೇರೆ ಇಡಬೇಕೆಂದು ಪೊಟ್ಟಣದ ಮೇಲೆಯೇ ಅಚ್ಚಾಗಿತ್ತು. ಬಿಸಿಲಿಗೆ ಬರಿ ಸೊಟ್ಟಗಾದ ಪಿವಿಸಿಯನ್ನು ಉಳಿಸಿಕೊಳ್ಳಬಹುದು: ಬಿಸಿನೀರಿನಲ್ಲಿ ಅರೆ ನಿಮಿಷ ಅದ್ದಿ, ನೇರಮಾಡಿ, ತಣ್ಣೀರಿಗೆ ಹಾಕಿದರೆ ಮೊದಲಿನ ಆಕಾರಕ್ಕೆ ಬರುತ್ತದೆ.

ನಮ್ಮ ಕಡೆ ಬಹುತೇಕ ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೋ ಸಹಕಾರ ಸಂಘಕ್ಕೋ ಸೇರಿರುವುದರಿಂದ ನಾನು ಕೇಳದೆ ಗಾಳ ಹಾಕುವುದಿಲ್ಲ. ಕೊರವದ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡರೆ ಕೆಳಗೆ ಹೆತ್ತ ಮೀನು ಕಾವಲಿರುತ್ತದೆ. ಆಗ ಯಾವ ಬಾಲ ಕಟ್ಟಿದರೂ ಅದು ಸಿಟ್ಟಿನಿಂದ ಹೊಡೆಯುತ್ತದೆ; ಅಂಥ ಕಡೆ ಕೋಲು ಎತ್ತಿಕೊಂಡು ಮುಂದೆ ಹೋಗುತ್ತೇನೆ.

ಹರಿದ ಟ್ರೇಲರನ್ನು ಕೆರೆಗೆ ಎಸೆಯುವಂತಿಲ್ಲ, ಮೀನಿನ ಹೊಟ್ಟೆಯಲ್ಲಿ ಅದು ಕರಗುವುದಿಲ್ಲ. ಮನೆಗೆ ತಂದು, ಪಿವಿಸಿಯದಾದರೆ ಕಾಯಿಸಿದ ಚಾಕುವಿನ ಅಲಗನ್ನು ಹರಿದ ಎರಡೂ ಮುಖಗಳಿಗೆ ತಾಗಿಸಿ ಒತ್ತಿಹಿಡಿದರೆ ಬೆಸೆದುಕೊಳ್ಳುತ್ತದೆ. ಕಿಟಕಿ ತೆರೆದಿರಬೇಕು, ಹೊಗೆ ಕೆಟ್ಟದ್ದು. ಕಳೆದ ವಾರ ಹೀಗೆ ಬೆಸೆದ ಒಂದು ಕಪ್ಪು ಬೀವರನ್ನು ಮಾವ ಕೇಳಿ ಪಡೆದು, ತಮ್ಮ ಬಿದಿರಿನ ಕೋಲಿನ ಗಾಳಕ್ಕೆ ಎರೆಹುಳುವಿನ ಹಿಂದೆ ಸಿಕ್ಕಿಸಿಕೊಂಡಿದ್ದಾರೆ.