ಪ್ರೋಸೀಲ್ ಒಣಗಿದ ಮೇಲೆ ರಿವೆಟ್ ಹೊಡೆದೆ, ಟ್ಯಾಂಕ್ ಸೋರ್ತಿಲ್ಲ

ನನ್ನ ಆರ್‌ವಿ-9ಎ (ಮನೇಲೇ ಕಟ್ಟೋ ಪುಟ್ಟ ವಿಮಾನ) ಬಲಗಡೆ ರೆಕ್ಕೆಯ ಟ್ಯಾಂಕ್‌ಗೆ 18 ಗ್ಯಾಲನ್ 100ಎಲ್ಎಲ್, ಅಂದ್ರೆ ನೀಲಿ ಬಣ್ಣದ ವಿಮಾನ ಪೆಟ್ರೋಲ್, ತುಂಬಿ ಒಂದು ಬೇಸಿಗೆ ಪೂರ್ತಿ ಹಾರಿಸಿದೀನಿ, ಒಂದೇ ಒಂದು ರಿವೆಟ್ ಸುತ್ತ ನೀಲಿ ಕಲೆ ಇಲ್ಲ. ಪ್ರೋಸೀಲ್ ಅಂದ್ರೆ ಟ್ಯಾಂಕ್ ಸೋರದ ಹಾಗೆ ಸಂದಿಗೆ ಹಚ್ಚೋ ಸೀಲಂಟ್, ಅದು ಹಸಿ ಇದ್ದಾಗ್ಲೇ ರಿವೆಟ್ ಹೊಡೀಬೇಕು, ಒಣಗಿದ್ರೆ ಪದರ ದಪ್ಪ ಆಗಿ ರಿವೆಟ್ ಸಡಿಲ ಆಗುತ್ತೆ ಅಂತ ಇಲ್ಲಿ ಹ್ಯೂಸ್ಟನ್ ಹ್ಯಾಂಗರ್‌ಲಿ ಹಿರಿಯರು ನಕ್ಕಿದ್ರು, ಈಗ ಅವರೇ ಬಂದು ಬೆರಳಾಡಿಸಿ ನೋಡ್ತಾರೆ.

ಹಸಿ ವಿಧಾನ ಎಡಗಡೆ ಟ್ಯಾಂಕ್‌ಲಿ ಮಾಡಿ ನೋಡಿ ಆಗಿದೆ. ಸೀಲಂಟ್ ಹೆಸರಲ್ಲಿರೋ ಬಿ-2 ಅಂದ್ರೆ ಮಿಕ್ಸ್ ಮಾಡಿದ್ಮೇಲೆ ಎರಡು ಗಂಟೆ ಹಚ್ಚೋಕೆ ಬರುತ್ತೆ ಅಂತ, ಆದ್ರೆ ಅದು 25 ಡಿಗ್ರಿ ಲೆಕ್ಕ, ನಮ್ಮ ಗ್ಯಾರೇಜ್ 35 ದಾಟಿರುತ್ತೆ, ಮೇಲೆ ಹ್ಯುಮಿಡಿಟಿ, ಒಂದು ಗಂಟೆ ಆಗೋದ್ರೊಳಗೆ ಕಡ್ಡಿ ಎತ್ತಿದ್ರೆ ಎಳೆಪಾಕ, ಬಕಿಂಗ್ ಬಾರ್ (ರಿವೆಟ್ ಹಿಂದೆ ಒತ್ತಿ ಹಿಡಿಯೋ ಕಬ್ಬಿಣದ ತುಂಡು), ರಿವೆಟ್ ಗನ್ನು, ನನ್ನ ತಲೆಕೂದಲು ಎಲ್ಲಾ ಕಪ್ಪು. ಆಮೇಲೆ ಸೋರಿಕೆ ಸರಿ ಮಾಡೋಕೆ ಬ್ಯಾಫಲ್ (ಟ್ಯಾಂಕ್‌ನ ಹಿಂದಿನ ಗೋಡೆ) ಕೊಯ್ದು, ಒಳಗೆ ಕೈ ಹಾಕಿ ಶಾಪ್ ಹೆಡ್ (ರಿವೆಟ್‌ನ ಒಳಗಡೆ ಚಪ್ಪಟೆಯಾದ ತುದಿ) ಸೀಲಂಟ್‌ಲಿ ಮುಚ್ಚಿ, ಕವರ್ ಪ್ಲೇಟ್ ಕೂರಿಸೋ ಹೊತ್ತಿಗೆ ಹತ್ರ ಹತ್ರ ಇನ್ನೂರೈವತ್ತು ಡಾಲರ್ ಹೋಯ್ತು.

ಬಲಗಡೆಗೆ ರಿಬ್ ಫ್ಲ್ಯಾಂಜ್‌ಗೆ (ಒಳಗಿನ ಅಡ್ಡಪಟ್ಟಿಯ ಮಡಚಿದ ಅಂಚು) ಸೀಲಂಟ್ ತೆಳ್ಳಗೆ ಹಚ್ಚಿ ಪ್ರತೀ ತೂತಿಗೂ ಕ್ಲೆಕೊ (ಶೀಟ್‌ಗಳನ್ನ ಬಿಗಿಯಾಗಿ ಹಿಡಿಯೋ ತಾತ್ಕಾಲಿಕ ಕ್ಲಿಪ್) ಹಾಕಿದೆ, ಒಂದು ಬಿಟ್ಟು ಒಂದಲ್ಲ, ಪದರ ದಪ್ಪ ಆಗದೇ ಇರೋ ಗುಟ್ಟು ಇರೋದೇ ಇಲ್ಲಿ. ಹಿಂಡಿ ಬಂದಿದ್ದನ್ನ ಅಲ್ಲೇ ಮೂಲೆಗೆ ಫಿಲೆಟ್ (ಇಳಿಜಾರು ಪಟ್ಟಿ) ಎಳೆದು ಒಂದು ವಾರ ಬಿಟ್ಟೆ. ಆಮೇಲೆ ಕ್ಲೆಕೊ ಕಿತ್ತು, ನಂಬರ್ 40 ಬಿಟ್ ಕೈಯಲ್ಲೇ ತಿರುಗಿಸಿ ತೂತು ಕ್ಲೀನ್ ಮಾಡಿ, ಡಿಂಪಲ್‌ಗೆ (ರಿವೆಟ್ ತಲೆ ಕೂರೋ ತಗ್ಗು) ಚೂರೇ ಚೂರು ಹೊಸ ಸೀಲಂಟ್ ಇಟ್ಟು ನಿಧಾನಕ್ಕೆ ರಿವೆಟ್ ಹೊಡೆದು, ಕೊನೆಗೆ ಒಳಗಡೆ ಒಂದೊಂದು ಶಾಪ್ ಹೆಡ್‌ಗೂ ಸೀಲಂಟ್ ಟೋಪಿ. ಕ್ಲೆಕೊ ಅಂಟದೇ ಇರೋಕೆ ಏನು ಸವರಿದೆ ಅಂತ ಮಾತ್ರ ಈಗ ಹೇಳಲ್ಲ, ಹ್ಯಾಂಗರ್‌ಗೆ ಕಾಫಿ ತಗೊಂಡು ಬನ್ನಿ. ಸೀಲಂಟ್ ಹತ್ತಕ್ಕೆ ಗಟ್ಟಿ ಮಾಡೋ ಪೇಸ್ಟ್ ಒಂದು, ಈ ಮಿಕ್ಸ್ ತೂಕದಲ್ಲೇ ಮಾಡಿ, ಕಣ್ಣಂದಾಜು ಬೇಡ. ಕ್ವಾರ್ಟ್ ಡಬ್ಬಿ ಸುಮಾರು ನೂರು ಡಾಲರ್ ಕೊಟ್ಟ ನೆನಪು, ಮಿಕ್ಸ್ ಮಾಡಿ ಮಿಕ್ಕಿದ್ದನ್ನ ಸಿರಿಂಜ್‌ಗೆ ತುಂಬಿ ಡೀಪ್ ಫ್ರೀಜರ್‌ಲಿಟ್ಟೆ, ಮಾರನೇ ದಿನ ಚೆನ್ನಾಗೇ ಬಂತು, ಆ ಗಂಧಕದ ವಾಸನೆಗೆ ಮನೆಯವಳು ಐಸ್‌ಕ್ರೀಮ್ ಎಲ್ಲಾ ಎಸೆದಿದ್ದು ಬೇರೆ ಲೆಕ್ಕ.

ಜ್ಯಾಮ್ ಬಾಟಲಿಲಿ ಅವ್‌ಗ್ಯಾಸ್ (ಅದೇ ವಿಮಾನ ಪೆಟ್ರೋಲ್) ಹಾಕಿ ಸೀಲಂಟ್ ಹಚ್ಚಿದ ತುಂಡು ಶೀಟ್‌ಗಳನ್ನೂ ನೆನೆಸಿಟ್ಟಿದ್ದೆ. ಹಚ್ಚೋ ಮುಂಚೆ ಸ್ಕಾಚ್‌ಬ್ರೈಟ್‌ಲಿ ಉಜ್ಜಿ ಎಂಇಕೆಲಿ (ಜಿಡ್ಡು ತೆಗೆಯೋ ದ್ರಾವಕ) ಒರೆಸಿದ್ದು ಚಾಕು ಹಾಕಿದ್ರೂ ಬರ್ಲಿಲ್ಲ, ಬರೀ ಒರೆಸಿದ್ದು ಉಗುರಿಗೇ ಎದ್ದು ಬಂತು.

ಟ್ಯಾಂಕ್‌ಗೆ ಗಾಳಿ ತುಂಬಿ ಮಾಡೋ ಲೀಕ್ ಟೆಸ್ಟ್‌ಗೆ ಬಾಯಿಗೆ ಕಟ್ಟೋ ಬಲೂನ್ ನಂಬಬೇಡಿ, ರಾತ್ರಿ ತಂಪಾದ್ರೆ ಸಾಕು ಸೊರಗುತ್ತೆ, ಸುಮ್ನೆ ನಿದ್ದೆಗೆಡ್ತೀರ. ಪೈಪ್‌ಗೆ ನೀರು ಹಾಕಿ ಮಾನೋಮೀಟರ್ (ಒತ್ತಡ ಅಳೆಯೋ ಸಾಧನ) ಮಾಡ್ಕೊಳ್ಳಿ, ಸೋಪು ನೀರು ಬಳೀರಿ, ರಿವೆಟ್ ಬೈಯೋ ಮುಂಚೆ ಫ್ಯೂಯಲ್ ಕ್ಯಾಪ್‌ನ ಓ-ರಿಂಗ್ (ರಬ್ಬರ್ ಬಳೆ) ನೋಡಿ, ನನ್ನ ಬಲಗಡೆ ಟ್ಯಾಂಕ್‌ಲಿ ಗುಳ್ಳೆ ಬಂದಿದ್ದು ಅಲ್ಲೊಂದೇ ಕಡೆ.